ಭೂಮಿ ಕಕ್ಷೆ ತಪ್ಪಿಲ್ಲ, ಅದರ ಮೇಲೆ ತಪ್ಪು ಹೊರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಜುಲೈ ಹತ್ತಿರ ಬಂತೆಂದರೆ ಒಂದು ವಾಟ್ಸಾಪ್ ಸಂದೇಶ ತಪ್ಪದೆ ಬರುತ್ತದೆ. ನಾಳೆ ಬೆಳಿಗ್ಗೆಯಿಂದ ಭೂಮಿ ಸೂರ್ಯನಿಂದ ಬಹಳ ದೂರ ಹೋಗುತ್ತದೆ, ಮಾಮೂಲಿ 9 ಕೋಟಿ ಕಿಲೋಮೀಟರ್ ಇದ್ದದ್ದು 15 ಕೋಟಿ 20 ಲಕ್ಷ ಕಿಲೋಮೀಟರ್ ಆಗುತ್ತದೆ, ಅಂದರೆ ಶೇ 66ರಷ್ಟು ಜಾಸ್ತಿ, ಇದರಿಂದ ಹಿಂದೆಂದೂ ಕಾಣದ ಚಳಿ, ನೆಗಡಿ, ಕೆಮ್ಮು, ಮೈಕೈ ನೋವು, ಮಕ್ಕಳನ್ನು ಹುಷಾರಾಗಿ ನೋಡಿಕೊಳ್ಳಿ ಅಂತ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಅದೇ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಹೊರಗೆ ಜಡಿಮಳೆ, ಒಳಗೆ ಥಂಡಿ, ಮನೆಯಲ್ಲಿ ಒಬ್ಬರಿಗಾದರೂ ಜ್ವರ. ಹಾಗಾಗಿ ಓದಿದವರಿಗೂ ಇದು ನಿಜ ಅನ್ನಿಸಿಬಿಡುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಉಲ್ಟಾ ಸಂದೇಶ: ಭೂಮಿ ಕಕ್ಷೆ ಬಿಟ್ಟು ಸೂರ್ಯನ ಹತ್ತಿರ ಸರಿದಿದೆ, ಅದಕ್ಕೇ ಈ ಸೆಕೆ. ನಡುವೆ ಇನ್ನೊಂದು: ಚಂದ್ರ ನಮ್ಮನ್ನು ಬಿಟ್ಟು ಹೋಗುತ್ತಿದ್ದಾನೆ, ಇನ್ನು ದಿನಕ್ಕೆ 25 ಗಂಟೆ.

ಇದನ್ನು ನೋಡಿ ಸುಮ್ನೆ ಡಿಲೀಟ್ ಮಾಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ನನಗೆ ಹಾಗೆ ಬಿಡಲು ಆಗುತ್ತಿಲ್ಲ. ಯಾಕೆಂದರೆ ಈ ಮಾತು ಮೊಬೈಲ್ ದಾಟಿ ಹೊರಗೆ ಬಂದಿದೆ. ತೋಟದ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸೊಸೈಟಿ ಜಗಲಿಯಲ್ಲಿ ಕೂತವರ ಬಾಯಲ್ಲಿ ಕೇಳುತ್ತೇನೆ: "ಭೂಮಿನೇ ದಾರಿ ತಪ್ಪಿದೆಯಂತೆ, ಇನ್ನು ಮಳೆ ದಾರಿ ತಪ್ಪದೆ ಇರುತ್ತಾ?" ಹೂ ಮಳೆ ಹೊತ್ತಿಗೆ ಸರಿಯಾಗಿ ಬರದೆ ಕಾಫಿ ಹೂ ಕೆಟ್ಟರೂ ಇದೇ ಮಾತು. ಕೊಯ್ಲಿನಲ್ಲಿ ಮಳೆ ಬಂದು ಕಣದಲ್ಲಿ ಹರವಿದ ಕಾಫಿ ನೆನೆದರೂ ಇದೇ ಮಾತು. ಗುಡ್ಡ ಕುಸಿದರೂ ಇದೇ. ಭೂಮಿಯ ಕಕ್ಷೆ ಮನುಷ್ಯರ ಕೈಗೆ ಸಿಗುವಂಥದ್ದಲ್ಲ, ಅದರ ಮೇಲೆ ಹಾಕಿಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ.

ನಾನು ಡಿಶ್ ಕಟ್ಟುವ ಕೆಲಸ ಮಾಡುವವನು. ಹಾಸನ, ಬೇಲೂರು, ಸಕಲೇಶಪುರದ ಊರುಗಳಲ್ಲಿ ಮಾಳಿಗೆ ಮೇಲೆ ಹತ್ತಿ ಡಿಶ್ ತಿರುಗಿಸುವುದೇ ನನ್ನ ಅನ್ನ. ನಮ್ಮೂರಿನಲ್ಲಿ ಡಿಡಿ ಫ್ರೀ ಡಿಶ್ ಹಾಕಬೇಕೆಂದರೆ ಆಗ್ನೇಯಕ್ಕೆ ಮುಖ ಮಾಡಿ, ಸುಮಾರು 65 ಡಿಗ್ರಿ ಮೇಲೆತ್ತಿ ನಟ್ ಬಿಗಿ ಮಾಡಬೇಕು. ಅಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಜಿಸ್ಯಾಟ್-15 ಅನ್ನುವ ಉಪಗ್ರಹ ನಿಂತಿದೆ. ನಿಂತಿದೆ ಅನ್ನುವುದು ನಮ್ಮ ಲೆಕ್ಕಕ್ಕೆ ಮಾತ್ರ. ಅದು ಭೂಮಿಯ ಜೊತೆಗೇ ಅದೇ ವೇಗದಲ್ಲಿ ಸುತ್ತುತ್ತಿದೆ, ಅದಕ್ಕೇ ಒಂದು ಸಲ ಬಿಗಿ ಮಾಡಿದ ಡಿಶ್ ವರ್ಷಗಟ್ಟಲೆ ಹಾಗೇ ನಡೆಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊದಲು ಆ ಸಂದೇಶದ ಅಂಕಿಗಳನ್ನೇ ತೆಗೆದುಕೊಳ್ಳೋಣ. ಭೂಮಿ ಮತ್ತು ಸೂರ್ಯನ ನಡುವಿನ ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರ್. 9 ಕೋಟಿ ಅನ್ನುವುದು ಎಂದೂ ಇರಲಿಲ್ಲ. ಶುಕ್ರ ಗ್ರಹವೇ ಸೂರ್ಯನಿಂದ 10 ಕೋಟಿ 80 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅಂದರೆ ಈ ಸಂದೇಶ ಬರೆದವರ ಪ್ರಕಾರ ನಾವು ಮಾಮೂಲಿ ದಿನಗಳಲ್ಲಿ ಶುಕ್ರನಿಗಿಂತಲೂ ಒಳಗೆ ಸುತ್ತುತ್ತಿದ್ದೇವೆ! ಅಲ್ಲಿದ್ದರೆ ಈಗ ಬೀಳುವುದಕ್ಕಿಂತ ಎರಡೂಮುಕ್ಕಾಲು ಪಟ್ಟು ಬಿಸಿಲು ಬೀಳುತ್ತಿತ್ತು. ಇನ್ನೊಂದು ಮಾತು. ಸೂರ್ಯನಿಗೆ ಎಷ್ಟು ಹತ್ತಿರವೋ ಅಷ್ಟು ಬೇಗ ಸುತ್ತು ಮುಗಿಯುತ್ತದೆ. ಇದು ಕೆಪ್ಲರ್ 400 ವರ್ಷದ ಹಿಂದೆ ಕಂಡುಕೊಂಡ ನಿಯಮ. ಅದರ ಪ್ರಕಾರ 9 ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ವರ್ಷ ಅಂದರೆ ಸುಮಾರು 170 ದಿನ. ನಮಗೆ ಈಗಿನ ಒಂದು ವರ್ಷದೊಳಗೆ ಎರಡು ಯುಗಾದಿ ಬಂದು ಹೋಗಬೇಕಿತ್ತು.

ನಿಜ ಏನೆಂದರೆ ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಸ್ವಲ್ಪವೇ ಸ್ವಲ್ಪ ಉದ್ದಕ್ಕಿದೆ. ಜನವರಿ ಮೊದಲ ವಾರ ನಾವು ಸೂರ್ಯನಿಗೆ ಅತಿ ಹತ್ತಿರ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಜುಲೈ ಮೊದಲ ವಾರ ಅತಿ ದೂರ, 15 ಕೋಟಿ 21 ಲಕ್ಷ ಕಿಲೋಮೀಟರ್. ವ್ಯತ್ಯಾಸ ಶೇ 3 ಚಿಲ್ಲರೆ. ಗಮನಿಸಿ, ಮೈ ನಡುಗುವ ಜನವರಿಯಲ್ಲೇ ನಾವು ಸೂರ್ಯನಿಗೆ ಹತ್ತಿರ ಇರುತ್ತೇವೆ. ಚಳಿ, ಸೆಕೆ ಮುಖ್ಯವಾಗಿ ಭೂಮಿಯ ಅಕ್ಷ ವಾಲಿರುವುದರಿಂದ ಬರುವುದು. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಮ್ಮ ನೆತ್ತಿ ಮೇಲೆ ನೆಟ್ಟಗೆ ಬರುತ್ತಾನೆ, ಆ ದಿನ ಮಧ್ಯಾಹ್ನ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಮತ್ತೆ ಆಗಸ್ಟ್ ಮೂರನೇ ವಾರದಲ್ಲಿ ಅದೇ ಜಾಗಕ್ಕೆ ಬರುತ್ತಾನೆ, ಆದರೆ ಆಗ ಮೋಡ ಕವಿದಿರುತ್ತದೆ, ನಾವು ಗಮನಿಸುವುದಿಲ್ಲ. ನಮ್ಮ ಬೇಸಿಗೆ ಏಪ್ರಿಲ್‌ನಲ್ಲಿ ಯಾಕೆ ಅಂತ ಕೇಳಿದರೆ ಉತ್ತರ ಅಲ್ಲಿದೆ.

ಸರಿ, ಹಾಗಾದರೆ ಕಕ್ಷೆ ನಿಜವಾಗಿ ಬದಲಾದರೆ ಏನಾಗುತ್ತದೆ? ಭೂಮಿ ಸೂರ್ಯನಿಂದ ಬರೀ ಶೇ 1ರಷ್ಟು, ಅಂದರೆ ಸುಮಾರು 15 ಲಕ್ಷ ಕಿಲೋಮೀಟರ್, ಶಾಶ್ವತವಾಗಿ ದೂರ ಸರಿಯಿತು ಅಂತಿಟ್ಟುಕೊಳ್ಳಿ. ವರ್ಷ ಐದೂವರೆ ದಿನ ಉದ್ದವಾಗುತ್ತದೆ. ಪಂಚಾಂಗ ಮೊದಲ ವರ್ಷವೇ ಕೆಡುತ್ತದೆ. ಸಂಕ್ರಾಂತಿ ಪ್ರತಿ ವರ್ಷ ಐದಾರು ದಿನ ಮುಂದೆ ಓಡುತ್ತದೆ. ಬಿಸಿಲು ಶೇ 2ರಷ್ಟು ಕಡಿಮೆಯಾಗುತ್ತದೆ. ಇಷ್ಟೇನಾ ಅನ್ನಿಸಬಹುದು, ಆದರೆ ಇಡೀ ಭೂಮಿ ಒಂದು ಡಿಗ್ರಿಗಿಂತ ಜಾಸ್ತಿ ತಣ್ಣಗಾಗಲು ಅಷ್ಟು ಸಾಕು. ಹಿಮ ಹೆಚ್ಚಿ, ಅದು ಬಿಸಿಲನ್ನು ವಾಪಸ್ ಎಸೆದು, ಇನ್ನಷ್ಟು ತಣ್ಣಗಾಗುತ್ತದೆ. ಪ್ರತಿ ವರ್ಷ 50 ಲಕ್ಷ ಕಿಲೋಮೀಟರ್ ಹಿಂದೆ ಮುಂದೆ ಹೋಗಿಯೂ ಏನೂ ಆಗುವುದಿಲ್ಲವಲ್ಲ, ಮತ್ತೆ 15 ಲಕ್ಷಕ್ಕೆ ಇಷ್ಟೊಂದು ಯಾಕೆ ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ವರ್ಷದ ಏರಿಳಿತದಲ್ಲಿ ಜುಲೈನಲ್ಲಿ ಕಳೆದುಕೊಂಡದ್ದನ್ನು ಜನವರಿಯಲ್ಲಿ ವಾಪಸ್ ಪಡೆಯುತ್ತೇವೆ, ಸಮುದ್ರಗಳು ಅಷ್ಟು ಬೇಗ ಬಿಸಿಯೂ ಆಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ಶಾಶ್ವತವಾಗಿ ಸರಿದರೆ ವಾಪಸ್ ಕೊಡುವವರು ಯಾರೂ ಇಲ್ಲ.

ಆಮೇಲೆ, ಕಕ್ಷೆ ಸರಿದಿದ್ದರೆ ಅದು ಗುಟ್ಟಾಗಿ ಉಳಿಯುವಂಥದ್ದೂ ಅಲ್ಲ. ಮಾರ್ಚ್‌ನಲ್ಲಿ ಒಂದು ಸಲ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಒಂದು ಸಲ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಕೆಲವು ದಿನ, ದಿನಕ್ಕೆ ಕೆಲವು ನಿಮಿಷ, ಟಿವಿಯಲ್ಲಿ ಸಿಗ್ನಲ್ ಹೋಗುತ್ತದೆ. ಸನ್ ಔಟೇಜ್ ಅನ್ನುತ್ತೇವೆ. ಇದು ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅಂತ ಮೊದಲೇ ಪಟ್ಟಿ ಬರುತ್ತದೆ, ಆ ಪಟ್ಟಿಯ ಪ್ರಕಾರವೇ ಸಿಗ್ನಲ್ ಹೋಗುತ್ತದೆ, ಪಟ್ಟಿಯ ಪ್ರಕಾರವೇ ವಾಪಸ್ ಬರುತ್ತದೆ. ಭೂಮಿ ದಾರಿ ತಪ್ಪಿದ್ದರೆ ಈ ಪಟ್ಟಿ ಹೇಗೆ ಸರಿಹೋಗುತ್ತಿತ್ತು ಹೇಳಿ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿಮಗೆಲ್ಲ ನೆನಪಿರಬೇಕು. ಮಂಗಳೂರಿನವರಿಗೆ ಪೂರ್ತಿ ಬಳೆ ಕಂಡಿತು, ನಮಗೆ ಹಾಸನದಲ್ಲಿ ಭಾಗಶಃ ಗ್ರಹಣ. ಯಾವ ಊರಿಗೆ ಎಷ್ಟು ಹೊತ್ತಿಗೆ ಅನ್ನುವುದು ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಇನ್ನೂ ಹಿಂದೆ ಹೋಗಿ. ನಮ್ಮ ಜಿಲ್ಲೆಯ ಹಳೆಯ ಶಾಸನಗಳಲ್ಲಿ ಗ್ರಹಣದ ದಿನ ಭೂಮಿ ಬಿಟ್ಟ, ದತ್ತಿ ಕೊಟ್ಟ ಉಲ್ಲೇಖಗಳಿವೆ. ಶಾಸನ ಓದುವ ವಿದ್ವಾಂಸರು ಗ್ರಹಣದ ಲೆಕ್ಕವನ್ನು ಹಿಂದಕ್ಕೆ ಹಾಕಿ ಶಾಸನದ ತಾರೀಖು ಸರಿಯೇ ಅಂತ ನೋಡುತ್ತಾರೆ. ಎಂಟೊಂಬತ್ತು ನೂರು ವರ್ಷದ ಹಿಂದಿನ ಗ್ರಹಣ ಈಗಿನ ಲೆಕ್ಕಕ್ಕೆ ಸಿಗುತ್ತದೆ ಅಂದರೆ ಭೂಮಿ, ಚಂದ್ರ ಎರಡೂ ತಮ್ಮ ದಾರಿಯಲ್ಲೇ ಇವೆ ಅಂತ ಅರ್ಥ. ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಡ.

ಹಾಸನದವರಾದ ನಾವು ಈ ಸಂದೇಶಗಳನ್ನು ನಂಬುವುದು ಇನ್ನೂ ಬೇಜಾರು. ಕಕ್ಷೆ ಅಂದರೆ ಏನು, ಅದು ಹೇಗೆ ಸರಿಯುತ್ತದೆ, ಸರಿದರೆ ಹೇಗೆ ವಾಪಸ್ ತರಬೇಕು ಅನ್ನುವುದನ್ನು ಹಗಲೂ ರಾತ್ರಿ ಮಾಡುತ್ತಿರುವ ಜಾಗ ಸಾಲಗಾಮೆ ರಸ್ತೆಯಲ್ಲಿದೆ. ಎಂಸಿಎಫ್ ಅಂತ ನಾವೆಲ್ಲ ಕರೆಯುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. ರಾಕೆಟ್ ಉಪಗ್ರಹವನ್ನು ಮೊದಲು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಗೆ ಬಿಟ್ಟು ಹೋಗುತ್ತದೆ. ಆಮೇಲೆ ಇಲ್ಲಿಂದ ಕಮಾಂಡ್ ಕಳಿಸಿ, ಉಪಗ್ರಹದ ಎಂಜಿನ್ ಉರಿಸಿ, ಹಂತ ಹಂತವಾಗಿ ಕಕ್ಷೆ ಏರಿಸಿ, ದುಂಡಗೆ ಮಾಡಿ, ತನ್ನ ಜಾಗದಲ್ಲಿ ಕೂರಿಸುತ್ತಾರೆ. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಚಂದ್ರ ಮತ್ತು ಸೂರ್ಯ ಸದಾ ಅದನ್ನು ಎಳೆಯುತ್ತಿರುತ್ತಾರೆ. ಸುಮ್ಮನೆ ಬಿಟ್ಟರೆ ಒಂದು ವರ್ಷದಲ್ಲಿ ಅದರ ಕಕ್ಷೆ ಮುಕ್ಕಾಲರಿಂದ ಒಂದು ಡಿಗ್ರಿಯಷ್ಟು ವಾಲುತ್ತದೆ. ಆಗ ಅದು ನಮ್ಮ ಕಣ್ಣಿಗೆ ನಿಂತಲ್ಲಿ ನಿಲ್ಲದೆ ದಿನಕ್ಕೊಂದು ಸಲ ಮೇಲೆ ಕೆಳಗೆ ಎಂಟರ ಅಂಕಿ ಬರೆಯತೊಡಗುತ್ತದೆ. ಕೆಲವು ವರ್ಷ ಹಾಗೇ ಬಿಟ್ಟರೆ ನಾನು ಬಿಗಿ ಮಾಡಿದ ಡಿಶ್‌ಗೆ ಹಗಲು ಸಿಗ್ನಲ್ ಸಿಕ್ಕರೆ ರಾತ್ರಿ ಇಲ್ಲ. ಇದಾಗದಂತೆ ಎಂಸಿಎಫ್‌ನವರು ಆಗಾಗ ಸಣ್ಣ ಎಂಜಿನ್ ಉರಿಸಿ ಉಪಗ್ರಹವನ್ನು ಜಾಗಕ್ಕೆ ತರುತ್ತಿರುತ್ತಾರೆ. ಹೆಚ್ಚಿನ ಉಪಗ್ರಹಗಳು ಕೊನೆಯಾಗುವುದು ಕೆಟ್ಟು ಹೋಗಿ ಅಲ್ಲ, ಈ ಎಳೆತದ ವಿರುದ್ಧ ಸರಿಪಡಿಸುವ ಇಂಧನ ಮುಗಿದು. ಕೊನೆಯ ಚೂರು ಇಂಧನ ಉಳಿಸಿಕೊಂಡು ಅದನ್ನು ಇನ್ನೂ ಕೆಲವು ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ, ಬೇರೆಯವರ ದಾರಿಗೆ ಅಡ್ಡ ಬಾರದಂತೆ ಮಾಡಿ ಬಿಡುತ್ತಾರೆ.

ಅಂದರೆ ಚಂದ್ರನ ಎಳೆತ ನಮ್ಮ ಟಿವಿವರೆಗೂ ಬಂದಿದೆ. ಇದು ವಾಟ್ಸಾಪ್ ಸಂದೇಶಕ್ಕಿಂತ ಎಷ್ಟು ಚೆನ್ನಾಗಿದೆ ಅಲ್ವಾ?

ಚಂದ್ರ ದೂರ ಹೋಗುತ್ತಿರುವ ಮಾತಿನಲ್ಲಿ ಸತ್ಯ ಇದೆ, ಭಯಪಡುವುದು ಏನೂ ಇಲ್ಲ. ವರ್ಷಕ್ಕೆ 3.8 ಸೆಂಟಿಮೀಟರ್ ಅವನು ದೂರ ಸರಿಯುತ್ತಿದ್ದಾನೆ. ಇದು ಊಹೆಯಲ್ಲ, ಅಳೆದದ್ದು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಕನ್ನಡಿಗಳ ಒಂದು ಹಲಗೆ ಇಟ್ಟು ಬಂದರು. ಇಲ್ಲಿಂದ ಲೇಸರ್ ಬಿಟ್ಟು, ಅದು ಬಡಿದು ವಾಪಸ್ ಬರುವ ಹೊತ್ತು ಅಳೆದರೆ ದೂರ ಸಿಗುತ್ತದೆ. ಆಮೇಲೆ ಅಪೊಲೊ 14, 15 ಮತ್ತು ರಷ್ಯಾದವರ ಎರಡು ಲುನೊಖೋಡ್ ಗಾಡಿಗಳೂ ಇಂಥ ಕನ್ನಡಿ ಒಯ್ದವು. 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದ್ದೊಂದು ಪುಟ್ಟ ಪ್ರತಿಫಲಕ ಇದೆ, ಅದೇ ವರ್ಷ ಡಿಸೆಂಬರ್‌ನಲ್ಲಿ ನಾಸಾದ ನೌಕೆ ಚಂದ್ರನ ಸುತ್ತ ಹೋಗುತ್ತಾ ಅದಕ್ಕೆ ಲೇಸರ್ ಬಿಟ್ಟು ಉತ್ತರ ಪಡೆಯಿತು. ಲೆಕ್ಕ ಹಾಕಿ. ಅಪೊಲೊ 11ರಿಂದ ಇಲ್ಲಿಯವರೆಗೆ ಚಂದ್ರ ಸರಿದದ್ದು ಎರಡು ಮೀಟರ್ ಚಿಲ್ಲರೆ. ಇರುವ ದೂರ 3,84,400 ಕಿಲೋಮೀಟರ್. ಪ್ರತಿ ತಿಂಗಳೂ ಅವನು ತನ್ನ ಕಕ್ಷೆಯಲ್ಲೇ ಸುಮಾರು 40,000 ಕಿಲೋಮೀಟರ್ ಹತ್ತಿರ ಬಂದು ದೂರ ಹೋಗುತ್ತಿರುತ್ತಾನೆ, ಅದು ಬೇರೆ.

ಯಾಕೆ ಸರಿಯುತ್ತಾನೆ? ಸಮುದ್ರದ ಉಬ್ಬರದಿಂದ. ಚಂದ್ರ ನೀರನ್ನು ಎಳೆದು ಉಬ್ಬಿಸುತ್ತಾನೆ. ಭೂಮಿ ಜೋರಾಗಿ ತಿರುಗುವುದರಿಂದ ಆ ಉಬ್ಬು ಚಂದ್ರನಿಗಿಂತ ಸ್ವಲ್ಪ ಮುಂದೆ ಹೋಗಿಬಿಡುತ್ತದೆ. ಮುಂದೆ ಹೋದ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಚಂದ್ರ ಅದನ್ನು ಹಿಂದಕ್ಕೆ ಎಳೆಯುತ್ತಾನೆ. ಚಂದ್ರನಿಗೆ ಶಕ್ತಿ ಸಿಕ್ಕಿ ಅವನ ಕಕ್ಷೆ ದೊಡ್ಡದಾಗುತ್ತದೆ, ಭೂಮಿಯ ತಿರುಗುವಿಕೆ ನಿಧಾನವಾಗುತ್ತದೆ. ಎಷ್ಟು ನಿಧಾನ? ನೂರು ವರ್ಷಕ್ಕೆ ದಿನ ಒಂದು ಸೆಕೆಂಡಿನ ಸಾವಿರದಲ್ಲಿ ಸುಮಾರು ಎರಡು ಭಾಗದಷ್ಟು ಉದ್ದವಾಗುತ್ತದೆ. ದಿನಕ್ಕೆ 25 ಗಂಟೆ ಆಗಲು ಸುಮಾರು 20 ಕೋಟಿ ವರ್ಷ ಬೇಕು. ಹಿಂದಕ್ಕೆ ಹೋದರೆ ದಿನ ಚಿಕ್ಕದಿತ್ತು. ಹವಳದ ಪಳೆಯುಳಿಕೆಗಳಲ್ಲಿ ದಿನಕ್ಕೊಂದು ಸಣ್ಣ ಗೆರೆ, ವರ್ಷಕ್ಕೊಂದು ದೊಡ್ಡ ಗೆರೆ ಬೆಳೆದಿರುತ್ತದೆ. ಸುಮಾರು 40 ಕೋಟಿ ವರ್ಷ ಹಳೆಯ ಹವಳದಲ್ಲಿ ಗೆರೆ ಎಣಿಸಿ, ಆಗ ವರ್ಷಕ್ಕೆ 400ರಷ್ಟು ದಿನ ಇದ್ದವು ಅಂತ ಜಾನ್ ವೆಲ್ಸ್ ಅನ್ನುವವರು 1963ರಲ್ಲಿ ಹೇಳಿದರು. ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕುವ ಹೊತ್ತು ಆಗಲೂ ಈಗಿನಷ್ಟೇ, ಆದರೆ ಆಗ ಒಂದು ದಿನಕ್ಕೆ ಇದ್ದದ್ದು 22 ಗಂಟೆ ಮಾತ್ರ. ಕಲ್ಲಾದ ಹವಳ ಇಷ್ಟು ಹೇಳುತ್ತದೆ ಅಂದಾಗ ನನಗೆ ಮೈ ಜುಮ್ಮೆಂದಿತ್ತು.

ಚಂದ್ರ ಈಗಿರುವ ಅರ್ಧ ದೂರಕ್ಕೆ ಬಂದರೆ? ಆಗ ಭಯಪಡಬೇಕಾದದ್ದೇ. ಉಬ್ಬರದ ಬಲ ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ, ದೂರ ಅರ್ಧವಾದರೆ ಬಲ ಎಂಟು ಪಟ್ಟು. ನಮಗೆ ಸಮುದ್ರ ಇಲ್ಲ, ನಮಗೇನು ಅನ್ನಬೇಡಿ. ಚಾರ್ಮಾಡಿ, ಕುದುರೆಮುಖದ ಕಡೆ ಬಿದ್ದ ಮಳೆ ನೇತ್ರಾವತಿ ಸೇರಿ ಮಂಗಳೂರಿನ ಅಳಿವೆಗೆ ಹೋಗಬೇಕು. ಅಲ್ಲಿ ಈಗ ಉಬ್ಬರದಲ್ಲಿ ನೀರು ಏರುವುದು ಒಂದು, ಒಂದೂವರೆ ಮೀಟರ್. ಮಳೆಗಾಲದಲ್ಲಿ ಉಬ್ಬರದ ಹೊತ್ತಿಗೆ ಪ್ರವಾಹವೂ ಬಂದರೆ ನದಿ ನೀರು ಸಮುದ್ರಕ್ಕೆ ಇಳಿಯದೆ ನಿಲ್ಲುತ್ತದೆ. ಅದು ಎಂಟು ಪಟ್ಟಾದರೆ ಬಂದರು ಇಲ್ಲ, ಕರಾವಳಿಯ ಊರುಗಳೂ ಇಲ್ಲ. ತಿಂಗಳು ಹತ್ತು ದಿನಕ್ಕಿಂತ ಚಿಕ್ಕದಾಗುತ್ತದೆ. ಇನ್ನೂ ಬಹಳ ಹತ್ತಿರ, ಹತ್ತು ಇಪ್ಪತ್ತು ಸಾವಿರ ಕಿಲೋಮೀಟರ್ ಆಸುಪಾಸಿಗೆ ಬಂದರೆ ಭೂಮಿಯ ಎಳೆತಕ್ಕೆ ಚಂದ್ರನೇ ಒಡೆದು ಚೂರಾಗುತ್ತಾನೆ. ಪೂರ್ತಿ ದೂರ ಹೋದರೆ? ಉಬ್ಬರ ನಿಲ್ಲುವುದಿಲ್ಲ, ಯಾಕೆಂದರೆ ಸೂರ್ಯನೂ ಎಳೆಯುತ್ತಾನೆ, ಆದರೆ ಅವನಿಂದಾಗುವ ಉಬ್ಬರ ಚಂದ್ರನಿಂದಾಗುವುದರ ಅರ್ಧಕ್ಕಿಂತ ಕಡಿಮೆ. ಅದಕ್ಕಿಂತ ದೊಡ್ಡ ನಷ್ಟ ಭೂಮಿಯ ಅಕ್ಷದ್ದು. ಚಂದ್ರ ಇರುವುದರಿಂದ ನಮ್ಮ ಅಕ್ಷದ ವಾಲು 22.1 ಮತ್ತು 24.5 ಡಿಗ್ರಿಗಳ ನಡುವೆಯೇ ಇರುತ್ತದೆ. ದೊಡ್ಡ ಚಂದ್ರ ಇಲ್ಲದ ಮಂಗಳನ ಅಕ್ಷ ಲಕ್ಷಾಂತರ ವರ್ಷಗಳಲ್ಲಿ ಹತ್ತಾರು ಡಿಗ್ರಿ ಆಚೆ ಈಚೆ ವಾಲುತ್ತದೆ. ನಮ್ಮ ಮುಂಗಾರು ಹಿಂಗಾರು ವರ್ಷ ವರ್ಷ ಬರುತ್ತಿರುವುದರಲ್ಲಿ ಚಂದ್ರನ ಪಾಲೂ ಇದೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಚಂದ್ರನನ್ನು ಭೂಮಿಗಿಂತ ಸೂರ್ಯನೇ ಎರಡು ಪಟ್ಟಿಗಿಂತ ಜಾಸ್ತಿ ಎಳೆಯುತ್ತಾನೆ. ಆದರೂ ಅವನು ನಮ್ಮ ಜೊತೆ ಇದ್ದಾನೆ, ಯಾಕೆಂದರೆ ಸೂರ್ಯ ಇಬ್ಬರನ್ನೂ ಒಟ್ಟಿಗೇ ಎಳೆಯುತ್ತಾನೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್‌ವರೆಗೆ ನಮ್ಮ ಹಿಡಿತ ನಡೆಯುತ್ತದೆ, ಚಂದ್ರ ಅದರೊಳಗೆ ಆರಾಮಾಗಿದ್ದಾನೆ. ಭೂಮಿ ಸೂರ್ಯನ ಹತ್ತಿರ ಹೋದಷ್ಟೂ ಈ ಹಿಡಿತ ಕುಗ್ಗುತ್ತದೆ. ಈಗಿನ ಅರ್ಧ ದೂರಕ್ಕೆ ಹೋದರೆ ಚಂದ್ರ ಕೈತಪ್ಪುವ ಅಪಾಯ ನಿಜವಾಗಿಯೂ ಇದೆ. ಅಷ್ಟು ಹೊತ್ತಿಗೆ ಅದನ್ನು ನೋಡಲು ನಾವ್ಯಾರೂ ಇರುವುದಿಲ್ಲ, ಸಮುದ್ರಗಳೇ ಆವಿಯಾಗಿರುತ್ತವೆ. ಇಂಥದ್ದನ್ನೆಲ್ಲ ಮಾಡುವ ಬಲ ನಮಗೆ ಕಾಣುವ ಯಾವುದಕ್ಕೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ಡಿಮಾರ್ಫೋಸ್ ಅನ್ನುವ ಬಂಡೆಗೆ ಬೇಕಂತಲೇ ಗುದ್ದಿ, ಅದು ಇನ್ನೊಂದು ದೊಡ್ಡ ಬಂಡೆಯನ್ನು ಸುತ್ತುವ ಹೊತ್ತನ್ನು ಅರ್ಧ ಗಂಟೆ ಕಡಿಮೆ ಮಾಡಿತು. ಆ ಬಂಡೆ ಬರೀ 160 ಮೀಟರ್ ಅಗಲ. ಚಂದ್ರನ ಅಗಲ 3,474 ಕಿಲೋಮೀಟರ್.

ಹಾಗಂತ ಭೂಮಿಯ ಕಕ್ಷೆ ಬದಲಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬದಲಾಗುತ್ತದೆ, ಮಳೆಯೂ ಅದರಿಂದ ಬದಲಾಗಿದೆ. ಆದರೆ ಅದರ ಹೊತ್ತೇ ಬೇರೆ. ಗುರು, ಶುಕ್ರ ಮೊದಲಾದ ಗ್ರಹಗಳ ಎಳೆತದಿಂದ ನಮ್ಮ ಕಕ್ಷೆ ಸುಮಾರು ಒಂದು ಲಕ್ಷ ವರ್ಷದಲ್ಲಿ ಹೆಚ್ಚು ಉದ್ದ, ಹೆಚ್ಚು ದುಂಡು ಆಗುತ್ತಿರುತ್ತದೆ. ಅಕ್ಷದ ವಾಲು 41,000 ವರ್ಷದಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ಮೂರನೆಯದು, ತಿರುಗುವ ಬುಗುರಿಯ ತಲೆ ನಿಧಾನ ಸುತ್ತುವ ಹಾಗೆ ಭೂಮಿಯ ಅಕ್ಷವೂ 26,000 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಈ ಮೂರನ್ನೂ ಸೇರಿಸಿ ಹಿಮಯುಗಗಳ ಲೆಕ್ಕ ಹಾಕಿದವರು ಸರ್ಬಿಯಾದ ಮಿಲಾಂಕೊವಿಚ್. ಸುಮಾರು ಹತ್ತು ಹನ್ನೊಂದು ಸಾವಿರ ವರ್ಷದ ಹಿಂದೆ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತಿದ್ದದ್ದು ಜನವರಿಯಲ್ಲಲ್ಲ, ಉತ್ತರಾರ್ಧದ ಬೇಸಿಗೆಯಲ್ಲಿ. ಆಗ ನೆಲ ಈಗಿಗಿಂತ ಜಾಸ್ತಿ ಕಾದು, ಮುಂಗಾರು ಜೋರಾಗಿತ್ತು. ಈಗ ಬರೀ ಮರಳಿರುವ ಸಹಾರಾದಲ್ಲಿ ಆಗ ಹುಲ್ಲು, ಕೆರೆ, ಮೊಸಳೆ ಇದ್ದವು. ಅದಕ್ಕೂ ಮುಂಚೆ, 20,000 ವರ್ಷದ ಹಿಂದೆ ಹಿಮಯುಗದಲ್ಲಿ ನಮ್ಮ ಮುಂಗಾರು ಸೊರಗಿತ್ತು, ಸಮುದ್ರ ಈಗಿಗಿಂತ 120 ಮೀಟರ್ ಕೆಳಗಿತ್ತು. ನಮ್ಮ ವಿಜ್ಞಾನಿಗಳು ನೀಲಗಿರಿಯ ಜವುಗು ಮಣ್ಣು ತೆಗೆದು ನೋಡಿ, ಬೆಟ್ಟದ ಮೇಲೆ ಹುಲ್ಲು ಹೆಚ್ಚಿದ್ದ ಕಾಲ, ಕಾಡು ಹೆಚ್ಚಿದ್ದ ಕಾಲ ಹೇಗೆ ಬಂದು ಹೋದವು ಅಂತ ಕಂಡುಕೊಂಡಿದ್ದಾರೆ. ಮುಳ್ಳಯ್ಯನಗಿರಿಯ ಶೋಲಾ ಕಾಡು ಮತ್ತು ಹುಲ್ಲುಗುಡ್ಡ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಮ್ಮ ರೈತರು ಮಳೆ ನಕ್ಷತ್ರ ನೋಡಿ ಬಿತ್ತುವವರು. "ಭರಣಿ ಮಳೆ ಧರಣಿ ಬೆಳೆ", "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅಂತ ಈಗಲೂ ಹೇಳುತ್ತೇವೆ. ಆ ಅಕ್ಷದ ಸುತ್ತಿನಿಂದ ಇವೂ ಋತುವಿಗೆ ಹೋಲಿಸಿದರೆ 70 ವರ್ಷ ಚಿಲ್ಲರೆಗೆ ಒಂದು ದಿನ ಮುಂದೆ ಸರಿಯುತ್ತವೆ. 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಸ್ಥಾನ ಆದ ಕಾಲಕ್ಕೂ ಈಗಿಗೂ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು, ಅಂದರೆ 13 ದಿನದ ಹತ್ತಿರ, ವ್ಯತ್ಯಾಸ ಬಂದಿದೆ. ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರಾ ಆಗ ಮುಂಗಾರು ಕಾಲಿಡುವ ಹೊತ್ತಿಗೇ ಹುಟ್ಟುತ್ತಿತ್ತು. ಹಗಲು ಹೆಚ್ಚತೊಡಗುವುದು ಡಿಸೆಂಬರ್ 22ಕ್ಕೆ, ನಾವು ಉತ್ತರಾಯಣ ಅಂತ ಎಳ್ಳು ಬೀರುವುದು ಜನವರಿ 14, 15ಕ್ಕೆ. ಅದೂ ಇದರಿಂದಲೇ. ಕಕ್ಷೆ ಮತ್ತು ಅಕ್ಷದ ಬದಲಾವಣೆ ಅಂದರೆ ಈ ವೇಗದ್ದು. ಒಂಬೈನೂರು ವರ್ಷಕ್ಕೆ ಹದಿಮೂರು ದಿನ.

ಮತ್ತೆ ನಮ್ಮ ಕಣ್ಣೆದುರೇ, ನಮ್ಮ ಅಪ್ಪಂದಿರ ಕಾಲಕ್ಕೂ ನಮ್ಮ ಕಾಲಕ್ಕೂ ಆಗಿರುವ ಬದಲಾವಣೆ ಎಲ್ಲಿಂದ ಬಂತು? ಕಕ್ಷೆಯಿಂದ ಅಲ್ಲ. ನೂರೈವತ್ತು ವರ್ಷದಲ್ಲಿ ಕಕ್ಷೆ ಲೆಕ್ಕಕ್ಕೆ ಸಿಗುವಷ್ಟೂ ಬದಲಾಗಿಲ್ಲ. ಸೂರ್ಯನೂ ಜಾಸ್ತಿ ಉರಿಯುತ್ತಿಲ್ಲ, 1978ರಿಂದ ಉಪಗ್ರಹಗಳು ಅದನ್ನು ಅಳೆಯುತ್ತಿವೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಡುವುದಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಅದು ಕಾವನ್ನು ಹಿಡಿದಿಟ್ಟು ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ಸುರಿದರೆ ಒಂದೇ ಸಲ ಸುರಿಯುತ್ತದೆ. 2018ರಲ್ಲಿ ಶಿರಾಡಿ ಘಾಟಿ, 2019ರಲ್ಲಿ ಚಾರ್ಮಾಡಿ ಘಾಟಿ ಮುಚ್ಚಿದ್ದು ನಾವೆಲ್ಲ ನೋಡಿದ್ದೇವೆ. ಮಳೆ ಜೋರಾಗಿತ್ತು, ಜೊತೆಗೆ ಗುಡ್ಡದ ಬುಡ ಕೊರೆದದ್ದೂ, ಮರ ಕಡಿದದ್ದೂ, ನೀರಿನ ದಾರಿ ಮುಚ್ಚಿದ್ದೂ ಮಲೆನಾಡಿನ ಉದ್ದಕ್ಕೂ ನಡೆದೇ ಇದೆ. ಇದು ಕಕ್ಷೆಯ ಕೆಲಸವೇ?

ಭೂಮಿಯನ್ನು ಮನುಷ್ಯ ಅಲುಗಿಸಿರುವುದಂತೂ ನಿಜ, ಬೇರೆ ರೀತಿಯಲ್ಲಿ. 1993ರಿಂದ 2010ರವರೆಗೆ ಜಗತ್ತಿನ ಜನ ನೆಲದಿಂದ ಎತ್ತಿದ ನೀರಿನ ತೂಕ ಜಾಗ ಬದಲಾಯಿಸಿದ್ದರಿಂದ ಭೂಮಿಯ ಅಕ್ಷದ ತುದಿ ಸುಮಾರು 80 ಸೆಂಟಿಮೀಟರ್ ಸರಿದಿದೆ ಅಂತ 2023ರಲ್ಲಿ ಬಂದ ಒಂದು ಅಧ್ಯಯನ ಹೇಳುತ್ತದೆ. ಅದರಿಂದ ಋತು ಬದಲಾಗುವುದಿಲ್ಲ. ಆದರೆ ಅರಸೀಕೆರೆ ಕಡೆ ಸಾವಿರ ಅಡಿ ಕೊರೆದರೂ ನೀರು ಕಾಣದೆ ಕೂತ ರೈತನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಯೋಚನೆ ಮಾಡಿದರು, ಕೆರೆ ಹೂಳಿನ ವಿಷಯ ತಾವಾಗೇ ಎತ್ತಿದರು. ಸರಿಯಾದ ವಿಷಯ ಹೇಳಿದರೆ ಜನ ಕೇಳುತ್ತಾರೆ ಸಾರ್, ನಾನು ನೋಡಿದ್ದೇನೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುವುದು. ಭೂಮಿಗೆ ಗಂಡಾಂತರ, ಚಂದ್ರನಿಗೆ ಕುತ್ತು ಅನ್ನುವ ತಲೆಬರಹ ಹಾಕುವ ಮುನ್ನ ಒಂದು ಫೋನ್ ಮಾಡಿ ತಿಳಿದವರನ್ನು ಕೇಳಿ. ಆ ಜುಲೈ ಸಂದೇಶ ಬರುವ ವಾರವೇ ಅದರಲ್ಲಿ ತಪ್ಪೇನು ಅಂತ ಒಂದು ಕಾಲಂ ಹಾಕಿ, ಜನ ಅದರ ಫೋಟೋ ತೆಗೆದು ಅದೇ ಗ್ರೂಪುಗಳಿಗೆ ಕಳಿಸಲಿ. ಗ್ರಹಣ ಬಂದಾಗ ರಾಶಿಫಲದ ಪಕ್ಕದಲ್ಲಿ ಗ್ರಹಣದ ಹೊತ್ತು, ಸುರಕ್ಷಿತವಾಗಿ ನೋಡುವ ಬಗೆ, ಎರಡನ್ನೂ ಅಷ್ಟೇ ದೊಡ್ಡದಾಗಿ ಹಾಕಿ. ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆ ವಾರ ಎಂಸಿಎಫ್‌ನ ಎಂಜಿನಿಯರ್‌ಗಳು ಹೆತ್ತೂರು, ಹಳೇಬೀಡು, ಜಾವಗಲ್, ಬಾಳೆಹೊನ್ನೂರಿನಂಥ ಊರುಗಳ ಸರ್ಕಾರಿ ಶಾಲೆಗೆ ಬಂದು ಮಕ್ಕಳ ಜೊತೆ ಮಾತಾಡುವಂತೆ ನಿಮ್ಮ ಪತ್ರಿಕೆ ಮುಂದೆ ನಿಂತು ಏರ್ಪಾಡು ಮಾಡಲಿ. ಶಾಲೆಯ ಮಾಳಿಗೆ ಮೇಲೆ ಒಂದು ಡಿಶ್ ಇಟ್ಟು, ಉಪಗ್ರಹ ಹುಡುಕುವುದು ಹೇಗೆ, ಅದು ಯಾಕೆ ಅಲ್ಲೇ ಸಿಗುತ್ತದೆ ಅಂತ ತೋರಿಸಬೇಕೆಂದರೆ ಡಿಶ್, ಮೀಟರ್, ಕೇಬಲ್ ಎಲ್ಲ ನಾನೇ ತರುತ್ತೇನೆ, ದುಡ್ಡು ಬೇಡ. ಮಳೆ ಇಲ್ಲದ ದಿನ ಗೊತ್ತು ಮಾಡಿ, ಅಷ್ಟೇ.

ಇಂತಿ,
ಡಿಶ್ ಕೆಲಸದ ಒಬ್ಬ ಓದುಗ,
ಹಾಸನ